ವಿಲಾಸಿನಿ ಚೇಚಿಯ ನಾಲ್ಕನೇ ಸಾವು

“ಸತ್ತದ್ದು ನಿಜ ಸಾರ್. ಈ ಸಲ ನಿಜ!” ಎಂದು ಶೀಜಾ ಫೋನನ್ನು ಬಾಯಿಗೆ ಹಿಡಿದು ಕೂಗಿದಳು. ಅವಳ ಇನ್ನೊಂದು ಕೈಯಲ್ಲಿ ನೀರು ತುಂಬಿದ ಬಿಂದಿಗೆಯಿತ್ತು. ಒಳಗೆ ಹೆಂಗಸರು ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು.

ಗೋಡಂಬಿ ಫ್ಯಾಕ್ಟರಿಯ ಮ್ಯಾನೇಜರ್ ಜಯನ್‌ನ ದನಿ ಫೋನಿನಿಂದ ಅಂಗಳಕ್ಕೆಲ್ಲ ಕೇಳಿಸುತ್ತಿತ್ತು. “ಯಾರು, ವಿಲಾಸಿನಿ ತಾನೆ? ಕುಂಭ ಮಾಸದಲ್ಲಿ ಒಂದು ಸಲ ಸತ್ತಿದ್ಲು. ವಿಷು ಹಬ್ಬದ ಮಾರನೇ ದಿನ ಒಂದು ಸಲ. ಹೋದ ತಿಂಗಳು ಎಂಟು ಜನ ಒಟ್ಟಿಗೆ ಬಂದು ಇನ್ನೊಂದು ಸಲ ಸಾಯಿಸಿದ್ರಿ.”

“ಅವೆಲ್ಲ ಸುಳ್ಳು ಸಾರ್.”

“ನೋಡು, ನೀನೇ ಒಪ್ಕೊಂಡೆ.”

“ಒಪ್ಕೊಂಡೆ ಸಾರ್. ಅವು ಸುಳ್ಳು, ಇದು ನಿಜ.”

“ಹೋದ ತಿಂಗಳೂ ಇದೇ ಮಾತು ಹೇಳಿದ್ರಿ! ಸಂಜೆ ಲಾರಿ ಹೊರಡ್ಬೇಕು. ಒಂಬತ್ತು ಗಂಟೆಗೆ ನಲವತ್ತೆರಡು ಜನಾನೂ ಬೀಜ ಒಡೆಯೋಕೆ ಕೂತಿರ್ಬೇಕು. ಇಲ್ದಿದ್ರೆ ಒಬ್ಬೊಬ್ಬರ ಹೆಸರೂ ಹೊಡೆದುಹಾಕ್ತೀನಿ.”

“ನಂಬಿಕೆ ಇಲ್ದಿದ್ರೆ ನೀವೇ ಬಂದು ನೋಡಿ ಸಾರ್.”

“ಬರ್ತೀನಿ. ಬಂದೇ ಬರ್ತೀನಿ!”

ಶೀಜಾ ಬಿಂದಿಗೆಯನ್ನು ಒಳಗೆ ತಂದಿಟ್ಟಳು. ಎಪ್ಪತ್ತು ದಾಟಿದ ಪೊನ್ನಮ್ಮ ಗೆಳತಿ ವಿಲಾಸಿನಿಯ ಅಂಗೈಗೆ ತೆಂಗಿನೆಣ್ಣೆ ಹಚ್ಚಿ ಉಜ್ಜುತ್ತಿದ್ದಳು. ಗೋಡಂಬಿ ಸಿಪ್ಪೆಯ ಎಣ್ಣೆ ಮೂವತ್ತೊಂದು ವರ್ಷ ಸುಟ್ಟು ಕಪ್ಪಾಗಿಸಿದ ಅಂಗೈ ಅದು.

“ಹೋಗಲ್ಲ ಚಿಕ್ಕಮ್ಮ, ಬಿಡಿ,” ಎಂದಳು ವಿಲಾಸಿನಿಯ ಮಗಳು ಸಿಂಧು.

“ಹೋಗಲ್ಲ ಅಂತ ನನಗ್ಗೊತ್ತಿಲ್ವಾ? ನಂದು ನೋಡು.” ಪೊನ್ನಮ್ಮ ತನ್ನ ಕೈ ಚಾಚಿ ತೋರಿಸಿದಳು. ಆಮೇಲೆ ಶೀಜಾಳ ಕಡೆ ತಿರುಗಿ ಕೇಳಿದಳು, “ಏನಂತೆ ಅವನದ್ದು?”

“ನೋಡೋಕೆ ಬರ್ತಾನಂತೆ.”

“ಬರ್ಲಿ. ಬರೀ ಕೈಲಿ ಬರ್ಬೇಡ, ಹೆಣದ ಮೇಲೆ ಹಾಕೋಕೆ ಒಂದು ಹೊಸ ಬಟ್ಟೆ ತಾ ಅನ್ಬೇಕಿತ್ತು.”

ಹೆಣಕ್ಕೆ ನೀರು ಹಾಕುತ್ತಿದ್ದವರು ತುಟಿ ಕಚ್ಚಿ ನಗು ತಡೆದುಕೊಂಡರು.

*

ವಿಲಾಸಿನಿ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಫ್ಯಾಕ್ಟರಿಯ ದಾರಿಯಲ್ಲಿ ಒಂದು ರೈಲ್ವೆ ಗೇಟಿತ್ತು. ಕೊಲ್ಲಂ ಕಡೆಯಿಂದ ಬರುವ ಬೆಳಗಿನ ಪ್ಯಾಸೆಂಜರ್ ದಾಟುವವರೆಗೆ ಅದನ್ನು ಹಾಕಿರುತ್ತಿದ್ದರು. ಆ ಏಳೆಂಟು ನಿಮಿಷವೇ ವಿಲಾಸಿನಿಯ ಕಚೇರಿಯ ಸಮಯ. ರಜೆ ಬೇಕಾದವರು ಅವಳ ಸುತ್ತ ಸೇರುತ್ತಿದ್ದರು.

ಒಂದು ಬೆಳಿಗ್ಗೆ ಪೊನ್ನಮ್ಮನೂ ಬಂದಳು. ಆಗ ಅವಳಿಗೆ ಇಪ್ಪತ್ತೇಳು ವರ್ಷ, ಮೂರು ಮಕ್ಕಳು.

“ನಿಜವಾದ ಕಾರಣ ಏನು ಹೇಳು,” ಎಂದಳು ವಿಲಾಸಿನಿ. “ನನ್ನತ್ರ ಸುಳ್ಳು ಬೇಡ. ಸುಳ್ಳು ಕಟ್ಟೋದು ನನ್ನ ಕೆಲಸ.”

“ಏನಿಲ್ಲ ಕಣೇ. ಒಂದಿನ ಸುಮ್ನೆ ಮಲ್ಕೋಬೇಕು. ಅಷ್ಟೆ.”

“ಸುಸ್ತು ಅಂದ್ರೆ ಮೇಸ್ತ್ರಿ ನಗ್ತಾನೆ. ಹೆಂಗಸರಿಗೆ ಸುಸ್ತು ಅನ್ನೋ ಕಾಯಿಲೆ ಇದೆ ಅಂತ ಯಾವ ಡಾಕ್ಟ್ರೂ ಇನ್ನೂ ಬರೆದುಕೊಟ್ಟಿಲ್ಲ. ನಿಮ್ಮ ಬಾವಿಗೆ ಆಡು ಬಿತ್ತು.”

“ನಮ್ಮನೇಲಿ ಆಡೆಲ್ಲಿದೆ?”

“ಪಕ್ಕದ ಮನೇದು. ಅವರು ಕೊಟ್ಟಾರಕ್ಕರಕ್ಕೆ ಮದುವೆಗೆ ಹೋಗಿದಾರೆ. ಆಡು ಅವರದ್ದು, ಬಾವಿ ನಿಮ್ಮದು, ಸತ್ರೆ ಪಾಪ ಯಾರಿಗೆ ಬರತ್ತೆ ಹೇಳು?”

ಪೊನ್ನಮ್ಮನಿಗೆ ಆಗಲೇ ಆ ಆಡಿನ ಮೇಲೆ ಕನಿಕರ ಹುಟ್ಟಿತ್ತು. “ರಜ ಕೊಡಿ ಅಂತ ಹೇಗೆ ಕೇಳ್ಲಿ?”

“ರಜ ಕೇಳಲೇಬೇಡ. ಕೇಳ್ದೋಳಿಗೆ ಯಾವತ್ತೂ ಸಿಕ್ಕಿಲ್ಲ. ಹಗ್ಗ ಕೇಳು.”

ಮೇಸ್ತ್ರಿ ಗೋಪಾಲ ಪಿಳ್ಳೆ ಕಟ್ಟುನಿಟ್ಟಿನ ಮನುಷ್ಯ. ಪೊನ್ನಮ್ಮ ಅವನ ಮುಖ ನೋಡದೆ ಪಾದ ನೋಡುತ್ತ, “ಸಾರ್, ಗೋಡೌನಲ್ಲಿ ಉದ್ದನೇ ಹಗ್ಗ ಒಂದಿದ್ರೆ ಕೊಡ್ತೀರಾ? ಸಂಜೆ ಮನೆಗೆ ಹೋದ್ಮೇಲೆ ಆಡನ್ನ ಎತ್ತಬೇಕು. ಅಲ್ಲಿವರೆಗೆ ಈಜ್ತಿರತ್ತೆ ಅಂದ್ಕೊಂಡಿದೀನಿ,” ಎಂದಳು.

“ಸಂಜೆವರೆಗೆ ಈಜತ್ತಾ? ಬುದ್ಧಿ ಇದೆಯಾ ನಿಂಗೆ?” ಎಂದು ಪಿಳ್ಳೆ ರೇಗಿದ. ಹೊಸ ಹಗ್ಗ ತೆಗೆಸಿಕೊಟ್ಟು ಅವಳನ್ನು ಅಕ್ಷರಶಃ ಓಡಿಸಿದ. ಪೊನ್ನಮ್ಮ ಮನೆಗೆ ಹೋಗಿ ಚಾಪೆ ಹಾಸಿ, ಮದುವೆಯಾದ ಮೇಲೆ ಮೊದಲ ಸಲ ಹಗಲಲ್ಲಿ ನಿದ್ದೆ ಮಾಡಿದಳು. ಮಾರನೇ ದಿನ ಪಿಳ್ಳೆ, “ಆಡು ಏನಾಯ್ತು?” ಎಂದು ಕೇಳಿದಾಗ ವಿಲಾಸಿನಿ ಪಕ್ಕದಲ್ಲೇ ಕೂತು ಬೀಜ ಒಡೆಯುತ್ತ, “ಬದುಕಿದೆಯಂತೆ ಸಾರ್, ಹಾಲು ಮಾತ್ರ ಕೊಡ್ತಿಲ್ವಂತೆ,” ಎಂದಳು.

ಯಾರ ಮನೆಯಲ್ಲಿ ಯಾವ ನೆಂಟರು ತೀರಿಹೋಗಿದ್ದಾರೆ, ಯಾರು ಇನ್ನೂ ಬಾಕಿಯಿದ್ದಾರೆ ಎನ್ನುವುದೆಲ್ಲ ಅವಳಿಗೆ ಬಾಯಿಪಾಠ. “ನಿನ್ನ ಸೋದರಮಾವ ಎರಡು ವರ್ಷದ ಹಿಂದೇನೇ ಹೋದ. ಮತ್ತೆ ಮತ್ತೆ ಯಾಕೆ ಎಳೀತೀಯ ಅವನನ್ನ? ದೊಡ್ಡತ್ತೆ ಇದಾಳಲ್ಲ,” ಎಂದು ತಿದ್ದುತ್ತಿದ್ದಳು. ಹೊಟ್ಟೆನೋವಿನ ರಜೆ ಪಡೆದವಳು ಮಾರನೇ ದಿನ ಊಟದ ಡಬ್ಬಿ ತೆರೆಯುವ ಹಾಗಿರಲಿಲ್ಲ. ಕಾಲುಳುಕಿದವಳು ಮೂರು ದಿನ ಕುಂಟಲೇಬೇಕು.

ನಿವೃತ್ತಳಾಗಿ ಮಂಡಿನೋವಿನಿಂದ ಮನೆ ಹಿಡಿದ ಮೇಲೂ ಹೊಸ ಕಾಲದ ಹುಡುಗಿಯರು ‘ಚೇಚಿ’, ಅಂದರೆ ಅಕ್ಕ, ಎಂದು ಕರೆಯುತ್ತ ಅವಳ ಮನೆ ಬಾಗಿಲಿಗೆ ಬಂದರು. ಶೀಜಾ ಒಂದು ದಿನ, “ನಮ್ಮ ಕಡೆಯವರೆಲ್ಲ ಮುಗಿದುಹೋದ್ರು ಚೇಚಿ, ಇನ್ನು ಸಾಯೋಕೆ ಯಾರೂ ಉಳಿದಿಲ್ಲ,” ಎಂದು ಅಲವತ್ತುಕೊಂಡಳು.

“ನಾನಿದೀನಲ್ಲ,” ಎಂದಿದ್ದಳು ವಿಲಾಸಿನಿ. “ಮನೇಲಿ ಸುಮ್ನೆ ಕೂತಿದೀನಿ. ನನ್ನನ್ನ ಸಾಯಿಸಿ, ಒಂದು ಉಪಯೋಗಕ್ಕಾದ್ರೂ ಬರ್ತೀನಿ.”

*

ಜಯನ್ ಹತ್ತು ಗಂಟೆಗೆ ಸ್ಕೂಟರಿನಲ್ಲಿ ಬಂದ. ಅಂಗಳದಲ್ಲಿ ಚಿತೆಗೆಂದು ಮಾವಿನ ಮರ ಕಡಿಯುತ್ತಿದ್ದರು. ಅದನ್ನು ನೋಡಿಯೇ ಅವನ ನಡಿಗೆ ನಿಧಾನವಾಯಿತು. ಒಳಗೆ ಬಾಳೆ ಎಲೆಯ ಮೇಲೆ ವಿಲಾಸಿನಿ ಮಲಗಿದ್ದಳು. ತಲೆಯ ಹತ್ತಿರ ತೆಂಗಿನಕಾಯಿ ಹೋಳಿನಲ್ಲಿ ದೀಪ ಉರಿಯುತ್ತಿತ್ತು. ಸುತ್ತ ಕೂತಿದ್ದ ನಲವತ್ತೆರಡು ಹೆಂಗಸರೂ ತಲೆಯೆತ್ತಿ ಅವನನ್ನು ನೋಡಿದರು.

ಜಯನ್ ಹೆಲ್ಮೆಟ್ ತೆಗೆದ. ಆದರೂ ಅವನ ಕಣ್ಣು ಹೆಣದ ಎದೆಯ ಮೇಲೆಯೇ ಇತ್ತು. ಉಸಿರಾಡುತ್ತದೇನೋ ಎಂದು ಕಾಯುತ್ತಿದ್ದ.

“ಮುಟ್ಟಿ ನೋಡ್ತೀರಾ ಸಾರ್?” ಎಂದಳು ಶೀಜಾ.

“ಛೆ ಛೆ, ಏನು ಮಾತು ಅಂತ ಆಡ್ತೀಯ,” ಎಂದು ಜಯನ್ ಕೆಂಪಾಗಿ, ಜಗಲಿಗೆ ಹೋಗಿ ಕೂತ.

ಅಷ್ಟರಲ್ಲಿ ಆಟೋದಿಂದ ಗೋಪಾಲ ಪಿಳ್ಳೆ ಇಳಿದ. ಎಂಬತ್ತನಾಲ್ಕು ವರ್ಷ, ಕೋಲೂರಿಕೊಂಡು ಬಂದು, ಮಡಿಚಿ ತಂದಿದ್ದ ಹೊಸ ಬಟ್ಟೆಯನ್ನು ಹೆಣದ ಮೇಲೆ ಹೊದಿಸಿದ. ಆಮೇಲೆ ಜಗಲಿಗೆ ಬಂದು ಜಯನ್‌ನ ಪಕ್ಕದ ಕುರ್ಚಿಯಲ್ಲಿ ಕೂತ.

“ಈಗ ಫ್ಯಾಕ್ಟರಿ ನೋಡ್ಕೊಳ್ಳೋದು ನೀನೇನಾ?”

“ಹೌದು ಸಾರ್.”

“ಎಷ್ಟು ಸಲ ಸಾಯಿಸಿದ್ರು ಇವಳನ್ನ?”

“ಮೂರು.”

“ಪರವಾಗಿಲ್ಲ. ನನ್ನ ಕಾಲದಲ್ಲಿ ನನ್ನನ್ನೇ ಸಾಯಿಸಿದ್ರು. ಇನ್ನೊಂದು ಫ್ಯಾಕ್ಟರಿಗೆ ಹೋದವರು ‘ನಮ್ಮ ಹಳೇ ಮೇಸ್ತ್ರಿ ಪಿಳ್ಳೆ ಹೋಗ್ಬಿಟ್ರು’ ಅಂತ ರಜ ತಗೊಂಡ್ರು. ಸುದ್ದಿ ಹಬ್ಬಿ ನನ್ನ ತಂಗಿ ಅಳ್ತಾ ಬಂದ್ಲು. ಬಾಗಿಲು ತೆಗೆದೋನು ನಾನೇ.” ಪಿಳ್ಳೆ ಬಾಗಿಲ ಬಳಿ ಕೂತಿದ್ದ ಪೊನ್ನಮ್ಮನ ಕಡೆ ಕೋಲು ತೋರಿಸಿದ. “ಇವಳ ಹತ್ರ ನನ್ನದೊಂದು ಹಗ್ಗ ಇದೆ. ಆಡಂತೆ, ಬಾವಿಯಂತೆ.”

“ಅದರ ಮೇಲೆ ಬಟ್ಟೆ ಒಣಹಾಕ್ತೀನಿ ಸಾರ್, ಇನ್ನೂ ಗಟ್ಟಿಯಾಗಿದೆ,” ಎಂದಳು ಪೊನ್ನಮ್ಮ.

ಜಯನ್ ನಕ್ಕುಬಿಟ್ಟ. ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದ. “ಇಷ್ಟೆಲ್ಲ ಗೊತ್ತಿದ್ದೂ ನೀವು ಹೇಗೆ ನಂಬ್ತಿದ್ರಿ ಸಾರ್?”

“ನಂಬ್ತಿರಲಿಲ್ಲ,” ಎಂದ ಪಿಳ್ಳೆ. “ಒಂದು ಸಲ ನಿಜ ಹೇಳಿದ್ದನ್ನೂ ನಂಬ್ಲಿಲ್ಲ ನೋಡು, ಅದೇ ಇವತ್ತಿಗೂ ಚುಚ್ಚತ್ತೆ.”

*

ಆ ದಿನ ಉಳಿದವರೆಲ್ಲ ಮುಂದೆ ಹೋದ ಮೇಲೆ ರೈಲ್ವೆ ಗೇಟಿನ ಬಳಿ ವಿಲಾಸಿನಿಗೆ ಸುದ್ದಿ ತಂದವನು ಪರವೂರಿನ ಬಸ್ ಕಂಡಕ್ಟರು. ತವರಿನಲ್ಲಿ ತಾಯಿ ಬೆಳಗಿನ ಜಾವ ಹೋಗಿದ್ದಳು. ವಿಲಾಸಿನಿ ನೇರ ಫ್ಯಾಕ್ಟರಿಗೆ ಬಂದಳು. ಹೇಳದೆ ಹೋಗುವಂತಿರಲಿಲ್ಲ. ಗಂಡ ಹಾಸಿಗೆ ಹಿಡಿದಿದ್ದ, ಸಿಂಧುವಿಗೆ ಮೂರು ವರ್ಷ, ಮನೆ ನಡೆಯುತ್ತಿದ್ದುದೇ ಈ ಕೆಲಸದಿಂದ.

“ಸಾರ್, ನಮ್ಮಮ್ಮ ಹೋದ್ರು,” ಎಂದಳು.

ಪಿಳ್ಳೆ ಕನ್ನಡಕ ಸರಿಮಾಡಿಕೊಂಡು ಅವಳನ್ನು ಮೇಲಿನಿಂದ ಕೆಳಗೆ ನೋಡಿದ. “ಭೇಷ್! ಹೋದ ತಿಂಗಳು ತಂಗಮಣಿಗೆ ನೀನು ಕಲಿಸಿಕೊಟ್ಟಿದ್ದು ಇದೇ ಮಾತಲ್ವಾ? ಅವಳಿಗಿಂತ ನೀನೇ ಚೆನ್ನಾಗಿ ಹೇಳ್ತೀಯ. ಗಂಟಲು ಕಟ್ಟಿದ್ದಂತೂ ಅದ್ಭುತ.”

ಬೀಜ ಒಡೆಯುತ್ತಿದ್ದ ಹೆಂಗಸರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಪೊನ್ನಮ್ಮ. ಗೆಳತಿ ಹೊಸ ಪಟ್ಟೊಂದನ್ನು ಹಾಕುತ್ತಿದ್ದಾಳೆ ಎಂದೇ ಅವಳ ಎಣಿಕೆ.

ಊರಿಗೆಲ್ಲ ಮಾತು ಕಟ್ಟಿಕೊಟ್ಟವಳಿಗೆ ಆ ಹೊತ್ತಿಗೆ ಒಂದು ಮಾತೂ ಒದಗಲಿಲ್ಲ. ಆಮೇಲೆ ತನ್ನ ಜಾಗಕ್ಕೆ ಹೋಗಿ ಕೂತು, ಸಿಪ್ಪೆಯ ಎಣ್ಣೆ ಸುಡದಂತೆ ಕೈಗೆ ಬೂದಿ ಬಳಿದುಕೊಂಡು ಕೊಡತಿ ಎತ್ತಿದಳು.

ಅರ್ಧ ಗಂಟೆ ಕಳೆಯಿತು. ಪೊನ್ನಮ್ಮ ಪಕ್ಕಕ್ಕೆ ತಿರುಗಿ ನೋಡಿದಾಗ ವಿಲಾಸಿನಿ ಒಡೆದು ಪುಡಿಯಾದ ಒಂದೇ ಬೀಜವನ್ನು ಮತ್ತೆ ಮತ್ತೆ ಕುಟ್ಟುತ್ತಿದ್ದಳು. ಪೊನ್ನಮ್ಮನ ನಗು ಅಲ್ಲಿಗೇ ಸತ್ತಿತು. “ಸಾರ್! ನಿಜ ಸಾರ್! ಇವಳ ಅಮ್ಮ ನಿಜವಾಗ್ಲೂ ಹೋಗಿದಾರೆ!” ಎಂದು ಕಿರುಚುತ್ತ ಎದ್ದಳು.

ಪಿಳ್ಳೆ ತಾನೇ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ತುಳಿದ. ಒಂಬತ್ತರ ಬಸ್ಸು ಹೋಗಿತ್ತು. ಮುಂದಿನದು ಹನ್ನೆರಡಕ್ಕೆ. ವಿಲಾಸಿನಿ ಪರವೂರು ಮುಟ್ಟುವಾಗ ಅಂಗಳದ ತೆಂಕಣ ಮೂಲೆಯಲ್ಲಿ ಚಿತೆಯ ಹೊಗೆಯಷ್ಟೇ ಉಳಿದಿತ್ತು.

*

“ಆಮೇಲೆ ನಾನು ಯಾರನ್ನೂ ಕಾರಣ ಕೇಳ್ಲಿಲ್ಲ,” ಎಂದ ಪಿಳ್ಳೆ. “ಯಾರು ಬಂದು ನಿಂತ್ರೂ ‘ಹೋಗು’ ಅಂದುಬಿಡ್ತಿದ್ದೆ.”

“ಅದಕ್ಕೂ ಬೈದ್ಲಲ್ಲ ಇವಳು!” ಎಂದಳು ಪೊನ್ನಮ್ಮ. “‘ಕೇಳಿ ಸಾರ್, ಸುಮ್ನೆಗಾದ್ರೂ ಕೇಳಿ. ಕಾರಣ ಕೇಳ್ದೆ ರಜ ಕೊಟ್ರೆ ನಾನು ಗೇಟಿನ ಹತ್ರ ಕೂತು ಏನ್ಮಾಡ್ಲಿ?’ ಅಂತ.”

“ಹೌದು. ಅವಳಿಗೋಸ್ಕರ ಕೇಳೋಕೆ ಶುರುಮಾಡಿದೆ.”

“ಒಂದು ಮಾತ್ರ ಬಿಟ್ಟಿದ್ಲು. ಯಾರಿಗೂ ಅಮ್ಮನ್ನ ಸಾಯಿಸೋಕೆ ಬಿಡ್ತಿರಲಿಲ್ಲ. ಅತ್ತೆ ಇದಾಳೆ, ಅಜ್ಜಿ ಇದಾಳೆ, ನಾನಿದೀನಿ, ಅಮ್ಮನ ತಂಟೆಗೆ ಹೋಗ್ಬೇಡಿ ಅಂತಿದ್ಲು.” ಪೊನ್ನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನಾನು ಅವತ್ತು ನಕ್ಕಿದ್ದರ ಬಗ್ಗೆ ಒಂದು ದಿನಾನೂ ಎತ್ತಿ ಆಡ್ಲಿಲ್ಲ. ಆಡಿದ್ರೆ ಚೆನ್ನಾಗಿತ್ತು.”

ಜಯನ್ ಎದ್ದು ಪೇಟೆಗೆ ಹೋಗಿ ಒಂದು ಹೊಸ ಬಟ್ಟೆ ತಂದ.

ಮಧ್ಯಾಹ್ನ ಎರಡಕ್ಕೆ ಸಿಂಧು ತಾಯಿಯ ಚಿತೆಗೆ ಬೆಂಕಿಯಿಟ್ಟಳು. ಹಸಿ ಮಾವಿನ ಕಟ್ಟಿಗೆ ಚಟಪಟ ಎನ್ನುತ್ತಿರುವಾಗಲೇ ಜಯನ್‌ನ ಫೋನು ಹೊಡೆದುಕೊಂಡಿತು. ಹೆಸರು ನೋಡಿ ಅವನ ಮುಖ ಬಿಳಚಿಕೊಂಡಿತು. ಫ್ಯಾಕ್ಟರಿಯ ಧಣಿ.

“ಲಾರಿ ಗೇಟಿನ ಹತ್ರ ಖಾಲಿ ನಿಂತಿದೆ. ಬೀಜ ಒಡೆಯೋ ಶೆಡ್ಡಲ್ಲಿ ಒಂದು ನರಪಿಳ್ಳೆ ಇಲ್ಲ. ಎಲ್ಲಿ ಸತ್ತಿದೀರಯ್ಯಾ ಎಲ್ಲಾ?”

“ಸಾರ್, ಅದು, ಇಲ್ಲೊಬ್ಬರು ಹಳೇ ಕೆಲಸದವರು—”

“ಹಳಬರೋ ಹೊಸಬರೋ, ಅದಕ್ಕೆ ಫ್ಯಾಕ್ಟರಿ ಮುಚ್ಚಿದ್ಯಾ?”

ನಲವತ್ತೆರಡು ಜೊತೆ ಕಣ್ಣು ಅವನ ಮೇಲೆ ನೆಟ್ಟವು. ಜಯನ್ ಬೆವರಿದ. “ಇಲ್ಲ ಸಾರ್, ನಮ್ಮ ಅಮ್ಮ—”

ಪೊನ್ನಮ್ಮ ಅವನ ತೋಳಿಗೆ ಪಟ್ಟನೆ ಹೊಡೆದಳು. ಹೆಂಗಸರೆಲ್ಲ ಒಟ್ಟಿಗೆ ಕೈಯಾಡಿಸಿ ಬೇಡ ಬೇಡ ಎಂದರು. “ಅಜ್ಜಿ ಅನ್ನು,” ಎಂದು ಪೊನ್ನಮ್ಮ ಪಿಸುಗುಟ್ಟಿದಳು.

“ಅಮ್ಮ ಅಲ್ಲ ಸಾರ್, ಅಮ್ಮನ ಅಮ್ಮ. ನಮ್ಮಜ್ಜಿ ಹೋಗಿಬಿಟ್ರು. ಪಾಪ, ಇವರೆಲ್ಲ ಬಂದಿದಾರೆ.”

“ನಿನ್ನ ಅಜ್ಜಿ ಓಣಂಗೆ ಮುಂಚೆ ಸತ್ತಿರಲಿಲ್ವೇನೋ?”

ಶೀಜಾ ಬಾಯಿಗೆ ಸೆರಗು ತುರುಕಿಕೊಂಡಳು. ಪಿಳ್ಳೆ ಕೋಲಿನ ಮೇಲೆ ಗಲ್ಲವೂರಿ ಮುಂದೆ ಬಗ್ಗಿ ಆಸಕ್ತಿಯಿಂದ ಕೇಳತೊಡಗಿದ.

“ಅದು ಅಪ್ಪನ ತಾಯಿ ಸಾರ್,” ಎಂದ ಜಯನ್ ಸಣ್ಣ ದನಿಯಲ್ಲಿ.

“ಮತ್ತೆ ಅಳೋ ಸದ್ದೇ ಇಲ್ಲ?”

ಪೊನ್ನಮ್ಮ ಹಿಂದೆ ತಿರುಗಿ ಕೈಸನ್ನೆ ಮಾಡಿದಳು. ಶೀಜಾ ಶುರುಮಾಡಿದಳು: “ಅಯ್ಯೋ ನಮ್ಮನ್ನ ಬಿಟ್ಟು ಹೋದ್ಯಲ್ಲಾ!” ಒಬ್ಬಳ ಹಿಂದೆ ಒಬ್ಬಳು ದನಿ ಸೇರಿಸಿದರು. ನಲವತ್ತೆರಡು ಹೆಂಗಸರು ಎದೆ ಬಡಿದುಕೊಂಡು ಗೋಳಿಡುವ ಸದ್ದಿಗೆ ಬೇಲಿಯ ಮೇಲಿನ ಕಾಗೆಗಳು ಹಾರಿಹೋದವು. ಪೊನ್ನಮ್ಮ ಫೋನಿಗೆ ಬಾಯಿ ಹತ್ತಿರ ತಂದು, ಎಲ್ಲರಿಗಿಂತ ಜೋರಾಗಿ ಅತ್ತಳು.

“ಆಯ್ತಾಯ್ತು, ಲಾರಿ ನಾಳೆ ಹೋಗ್ಲಿ,” ಎಂದು ಧಣಿ ಫೋನಿಟ್ಟ.

ಜಯನ್ ಹಣೆ ಒರೆಸಿಕೊಂಡು ಕೈಯೆತ್ತಿದ. “ಸಾಕು, ಸಾಕು. ನಂಬಿದ್ರು.”

ಹೆಂಗಸರು ಅಳು ನಿಲ್ಲಿಸಿ, ಒಬ್ಬರನ್ನೊಬ್ಬರು ತಿವಿದು ನಕ್ಕರು. ಆದರೆ ಒಂದು ದನಿ ನಿಂತಿರಲಿಲ್ಲ.

“ಚಿಕ್ಕಮ್ಮ, ಫೋನ್ ಇಟ್ಟಾಯ್ತು,” ಎಂದು ಶೀಜಾ ನಗುತ್ತಲೇ ಪೊನ್ನಮ್ಮನ ಭುಜ ಅಲುಗಿಸಿದಳು.

ಪೊನ್ನಮ್ಮ ನೆಲಕ್ಕೆ ಕುಸಿದು ಕೂತಿದ್ದಳು. ಬಾಯಿ ತೆರೆದೇ ಇತ್ತು. ಬೆಳಗಿನಿಂದ ಸ್ನಾನ ಮಾಡಿಸಿ, ಸೀರೆ ಉಡಿಸಿ, ಬಂದವರಿಗೆಲ್ಲ ಜಾಗ ತೋರಿಸಿ ಓಡಾಡಿದವಳ ಕಣ್ಣಿಂದ ಒಂದು ಹನಿಯೂ ಬಿದ್ದಿರಲಿಲ್ಲ. ಈಗ ಅವಳಿಗೆ ನಿಲ್ಲಿಸಲು ಆಗುತ್ತಿರಲಿಲ್ಲ. ಶೀಜಾಳ ನಗು ಅರ್ಧಕ್ಕೆ ನಿಂತಿತು. ಅವಳೂ ಪಕ್ಕದಲ್ಲಿ ಕೂತಳು. ಆಮೇಲೆ ಸಿಂಧು, ಆಮೇಲೆ ಉಳಿದವರು, ಈ ಸಲ ಯಾರೂ ಸನ್ನೆ ಮಾಡದೆ.

ಧಣಿ ಇನ್ನೂ ಕೇಳುತ್ತಿದ್ದಾನೇನೋ ಎಂದು ಜಯನ್ ಅಂಗೈಯಲ್ಲಿದ್ದ ಫೋನನ್ನು ತಿರುಗಿಸಿ ನೋಡಿದ. ಇನ್ನೊಂದು ಸಲ ನೋಡಿದ. ಅದು ಆರಿಹೋಗಿತ್ತು.