ಮೆಣಸಿನಕಾಯಿಯ ತುರ್ತು ಫೈಲು

ಎಲ್ಲಿಂದ ಶುರು ಮಾಡಲಿ? ಮಾಘದ ಚಳಿ, ಸೋಮವಾರ, ಬೆಳಗಿನ ಎಂಟೂವರೆ, ಹಾವೇರಿ. ಮೆಣಸಿನಕಾಯಿ ಚೀಲದ ಲಾರಿಗಳು ಬ್ಯಾಡಗಿಯ ಕಡೆ ಹೊರಟಿದ್ದವು, ರಸ್ತೆಯಲ್ಲಿದ್ದವರೆಲ್ಲ ಸೀನುತ್ತಿದ್ದರು. (ಸೀನಿನಿಂದ ಯಾರಾದರೂ ಕಥೆ ಶುರು ಮಾಡುತ್ತಾರೆಯೇ? ಹೊಡೆದುಹಾಕಬೇಕೆಂದಿದ್ದೆ. ಇರಲಿ, ಮುಂದೆ ಬೇಕಾದೀತು.)

೧. ವಿಶ್ವವಿದ್ಯಾಲಯದ ಕುಲಸಚಿವೆ ದೀಪಾಲಿ ಮೇಡಂ ದಿನಾ ಅರ್ಧ ತಾಸು ಮೊದಲೇ ಬರುತ್ತಿದ್ದರು. ಆ ಅರ್ಧ ತಾಸು ಅವರದು, ಉಳಿದ ದಿನವೆಲ್ಲ ಸಹಿಯದು. ಬ್ಯಾಡಗಿಯ ಹೆಣ್ಣುಮಕ್ಕಳು ಕಣ್ಣು ಬೇರೆಲ್ಲೋ ಇಟ್ಟುಕೊಂಡು ಹರಟುತ್ತಲೇ ಒಳ್ಳೆಯ ಕಾಯಿ ಹೇಗೆ ಆರಿಸುತ್ತಾರೆ? ಮುಟ್ಟಿದರೆ ಕೈಗೇ ಗೊತ್ತಾಗುತ್ತದೆ ಎಂದು ವಾದಿಸಿ ನಾಲ್ಕು ವರ್ಷದಿಂದ ಒಂದು ಲೇಖನ ಬರೆಯುತ್ತಿದ್ದರು. ಈ ಶುಕ್ರವಾರದೊಳಗೆ ಸಂಶೋಧನಾ ಪತ್ರಿಕೆಗೆ ಕಳಿಸಲಾಗದಿದ್ದರೆ ಓದು-ಬರಹದ ಆಸೆ ಬಿಟ್ಟು ಸಹಿ ಮಾಡಿಕೊಂಡಿರುವುದು ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಯಾರೂ ಕೆದಕಬಾರದೆಂದು ಹಾಳೆಗಳನ್ನು ಕೆಂಪು ದಾರದ ಫೈಲಿನಲ್ಲಿಟ್ಟು, ಮೇಲೆ ‘ತುರ್ತು’ ಎಂದು ಬರೆದಿದ್ದರು.

೨. ಆ ಸೋಮವಾರ ಮೇಜಿನ ಮೇಲೆ ಫೈಲಿರಲಿಲ್ಲ. (ಕಥೆಗೆ ಬೇಕೆಂದು ಒಬ್ಬ ಕಳ್ಳನನ್ನು ಬರೆದೆ, ಹರಿದುಹಾಕಿದೆ. ಮುಂದಿನ ಮೇಜಿಗೆ ಒಯ್ದವನು ನಾನೇ, ಕಚೇರಿಯ ಜವಾನ ಭರಮಣ್ಣ. ‘ತುರ್ತು’ ಎಂದದ್ದನ್ನು ಮೂವತ್ತೊಂದು ವರ್ಷದಲ್ಲಿ ಒಂದು ತಾಸೂ ಕೂಡ್ರಿಸಿಕೊಂಡವನಲ್ಲ.)

“ಭರಮಣ್ಣ, ಅದು ಫೈಲ್ ಅಲ್ರಿ. ನನ್ನ ಜೀವ ಅದ ಅದ್ರಾಗ.”

“ಹಂಗಂತ ಮ್ಯಾಲೆ ಬರೀಬೇಕಿತ್ತಲ್ರಿ ಮೇಡಂ.”

೩. ಬುಧವಾರ ಫೈಲು ತಾನೇ ತಿರುಗಿ ಬಂತು. ಅಧೀಕ್ಷಕಿ ಸುರೇಖಾ ಬರೆದಿದ್ದರು: ‘ಪರಿಶೀಲಿಸಿ ಮಂಡಿಸಿದೆ.’ ಹಣಕಾಸು ವಿಭಾಗ: ‘ಆರ್ಥಿಕ ಹೊರೆ ಇರುವುದಿಲ್ಲ.’ ದೀಪಾಲಿ ಮೇಡಂಗೆ ನಗು ತಡೆಯಲಾಗಲಿಲ್ಲ. ಕೊನೆಯ ಹಾಳೆಗೆ ಬಂದಾಗ ನಗು ನಿಂತಿತು. ಅಲ್ಲಿ ಕುಲಪತಿ ಶಂಭುಲಿಂಗ ಸರ್ ಅವರ ಹಸಿರು ಶಾಯಿ: ‘ಒಪ್ಪಿಲ್ಲ. ಕೈ ಅಲ್ಲ, ಕಿವಿ. ಕದರಮಂಡಲಗಿಯಲ್ಲಿ ನಮ್ಮವ್ವ ಕಾಯಿ ಅಲುಗಿಸಿ, ಒಳಗಿನ ಬೀಜದ ಸದ್ದು ಕೇಳಿ ಆರಿಸುತ್ತಿದ್ದಳು. ಪರೀಕ್ಷಿಸಿ ಮತ್ತೆ ಮಂಡಿಸಿ.’

ಕುಲಸಚಿವೆಯ ಕುರ್ಚಿಗೆ ಬಂದಾಗಿನಿಂದ ದೀಪಾಲಿ ಮೇಡಂಗೆ ‘ತಪ್ಪು’ ಎಂದವರೇ ಇರಲಿಲ್ಲ. ಮೇಡಂ ಅವರ ಮುಖ ಅರಳಿತು. ಹಬ್ಬದ ದಿನವೂ ಹಾಗೆ ಅರಳಿದ್ದನ್ನು ನಾನು ಕಂಡಿಲ್ಲ.

೪. ಎಂಡಿಂಗ್ ಒಂದು: ರಾಜೀನಾಮೆ ಕೊಟ್ಟು ಪಾಠ ಮಾಡಲು ಹೋದರು. ಅಂದೇ ಸಂಜೆ ಬರೆದು ಮೇಡಂಗೇ ಓದಿ ಹೇಳಿದೆ.

“ಯಾರು ಕೊಟ್ರು ರಾಜೀನಾಮೆ? ಈ ಕುರ್ಚ್ಯಾಗ ಕೂತಿದ್ದಕ್ಕ ಅಲ್ಲೇನು ಕುಲಪತಿ ಅದನ್ನ ಓದಿದ್ದು? ಹೊಡದ್ ಹಾಕ್ರಿ.”

ಎಂಡಿಂಗ್ ಎರಡು: ಲೇಖನವನ್ನು ಇದ್ದ ಹಾಗೇ ಕಳಿಸಿದರು.

“ತಪ್ಪು ಅಂತ ಗೊತ್ತಾದ್ಮ್ಯಾಲೂ?”

“ಖರೇ ಹೇಳ್ರಿ, ನಿಮಗೆಂಥಾದ್ದು ಬೇಕು?”

“ನಾಳೆ ಬ್ಯಾಡಗಿ ಮಾರ್ಕೆಟ್ ಅದ ಅಲ್ರಿ?”

“ಐತ್ರಿ. ಹನ್ನೊಂದಕ್ಕ ಇಲ್ಲಿ ಮೀಟಿಂಗೂ ಐತಿ.”

೫. ಕಿವಿ ಗೆದ್ದಿತೋ, ಕೈಯೋ? ಲೇಖನ ಶುಕ್ರವಾರ ಹೋಯಿತೋ? ನೀವು ಕೇಳಿಯೇ ಕೇಳುತ್ತೀರಿ. ನನಗೆ ಗೊತ್ತು, ಬರೆಯುವುದಿಲ್ಲ. ಮತ್ತೆ ಮಂಡಿಸಬೇಕಾದ ಫೈಲನ್ನು ಮುಚ್ಚುವ ಅಧಿಕಾರ ಜವಾನನಿಗಿಲ್ಲ. ಕಂಡದ್ದಷ್ಟು ಹೇಳುತ್ತೇನೆ: ಗುರುವಾರ ಬೆಳಗಿನ ಎಂಟೂವರೆಗೆ ದೀಪಾಲಿ ಮೇಡಂ ಲಾರಿಗಳ ಹಿಂದೆ ಸೀನುತ್ತ ಬ್ಯಾಡಗಿಗೆ ಹೊರಟುಹೋದರು. ಅದೇ ಕಾರಿನಲ್ಲಿ, ಹನ್ನೊಂದರ ಮೀಟಿಂಗಿಗೆ ಅಧ್ಯಕ್ಷರಾಗಬೇಕಿದ್ದ ಕುಲಪತಿಗಳೂ.