ಮುಚ್ಚುವುದಕ್ಕೆಂದೇ ಕೊರೆದ ಕಿಂಡಿ

ಹಡಗುಕಟ್ಟೆಯ ತಗಡಿನ ಮಾಡುಗಳು ಕಾದು, ಬಯಲಿನಲ್ಲಿ ಬಿದ್ದ ಕಬ್ಬಿಣವನ್ನು ಮುಟ್ಟಲಾಗದಂಥ ಮಧ್ಯಾಹ್ನಗಳಲ್ಲೂ ನಕ್ಷೆಕೋಣೆಯ ಹಿರಿಯರ ಮೈಮೇಲೆ ಆ ಉಣ್ಣೆಯ ಕೋಟು ಇದ್ದೇ ಇರುತ್ತಿತ್ತು. ಹಿಮ ಬೀಳುವ ದೇಶದ ಎತ್ತರದ ಜನರಿಗೆಂದು ಹೊಲಿದ ಕೋಟು ಅದು. ಕುಳ್ಳಗಿನ ಅವರ ಮೈಮೇಲೆ ಮೊಣಕಾಲಿನವರೆಗೆ ಇಳಿಬಿದ್ದು, ತೋಳುಗಳು ಬೆರಳ ತುದಿಯನ್ನೂ ದಾಟುತ್ತಿದ್ದುದರಿಂದ ಅವುಗಳನ್ನು ಮಡಚಿ ಮಡಚಿ ಮುಂಗೈವರೆಗೆ ತಂದುಕೊಳ್ಳುತ್ತಿದ್ದರು. ತಾರುಣ್ಯದಲ್ಲಿ ಆ ದೇಶದ ಹಡಗುಕಟ್ಟೆಗೆ ಕೆಲಸ ಕಲಿಯಲು ಹೋದಾಗ ಅಲ್ಲಿಯವರು ಪ್ರೀತಿಯಿಂದ ಹೊದಿಸಿ ಕಳಿಸಿದ್ದು. ದರ್ಜಿಗೆ ಕೊಟ್ಟು ತೋಳು ಕತ್ತರಿಸಿಕೊಳ್ಳಿ ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದರು.

“ಒಂದಿಂಚು ಕತ್ತರಿಸಿದ್ರೆ ಆ ದೇಶದವ್ರೇನು ನಮ್ಮ ಮೇಲೆ ಯುದ್ಧಕ್ಕೆ ಬರ್ತಾರಾ?” ಎಂದು ಆಕೆ ರೇಗಿದರೆ ಅವರದು ಒಂದೇ ಉತ್ತರ: “ಮೂಲದಲ್ಲಿ ಹಾಗಿದೆ ಕಣೇ.”

ಈ ಮಾತೇ ಅವರಿಗೆ ಹೆಸರನ್ನೂ ತಂದುಕೊಟ್ಟಿತ್ತು. ಹಡಗುಕಟ್ಟೆಯ ನಕ್ಷೆಕೋಣೆಗೆ ಅವರು ಮುಖ್ಯಸ್ಥರು. ಎದುರಿಗೆ ಎಲ್ಲರಿಗೂ ‘ಸರ್’, ಬೆನ್ನ ಹಿಂದೆ ‘ಮೂಲಪುರುಷರು’. ಕೋಟು ಕೊಟ್ಟ ಆ ಮಿತ್ರರಾಷ್ಟ್ರವೇ ತನ್ನ ಯುದ್ಧನೌಕೆಯ ನಕ್ಷೆಗಳನ್ನು ಕಟ್ಟುಕಟ್ಟಾಗಿ ಕೊಟ್ಟು, ಇದೇ ಹಡಗನ್ನು ನಿಮ್ಮ ನೆಲದಲ್ಲಿ ನಿಮ್ಮ ಕೈಯಿಂದಲೇ ಕಟ್ಟಿಕೊಳ್ಳಿ ಎಂದಾಗ, ಇಡೀ ಹಡಗುಕಟ್ಟೆ ಹಿಗ್ಗಿತು. ಬರೆದದ್ದನ್ನು ನೋಡಿ ಬರೆಯುವುದರಲ್ಲಿ ಏನಿದೆ ಮಹಾ ಎಂದುಕೊಂಡವರೂ ಇದ್ದರು. ಏನಿದೆ ಎಂಬುದು ಮೂಲಪುರುಷರಿಗೆ ಮಾತ್ರ ಗೊತ್ತಿತ್ತು. ಆ ದೇಶದವರ ಉಕ್ಕಿನ ದಪ್ಪ ನಮ್ಮ ಉಕ್ಕಿಗೆ ಕೂಡದು; ತಣ್ಣೀರಿನ ಕಡಲಿಗೆ ಹುಟ್ಟಿದ ಎಂಜಿನ್ನು ಬೆಚ್ಚನೆಯ ಕಡಲಿನಲ್ಲಿ ಏದುಸಿರು ಬಿಡುತ್ತದೆ; ಅವರ ಕೊಳವೆಗೆ ನಮ್ಮ ತಿರುಪು ಹಿಡಿಯದು. ಇವನ್ನೆಲ್ಲ ಒಂದೊಂದಾಗಿ ಹೊಂದಿಸಿ, ಪರದೇಶದ ಆ ಹಡಗನ್ನು ಈ ನೀರಿಗೆ ಒಗ್ಗಿಸಿದವರು ಅವರೇ. ಕಾರಣ ತಿಳಿದಲ್ಲಿ ಬದಲಿಸುತ್ತಿದ್ದರು, ತಿಳಿಯದಲ್ಲಿ ಕೈಮುಗಿಯುತ್ತಿದ್ದರು. “ಬೇರೆಯವರ ಹಡಗು ಇದು. ಯಾವ ಗೆರೆ ಏನನ್ನ ಹೊತ್ತು ನಿಂತಿದೆಯೋ ನಮಗೇನು ಗೊತ್ತು?” ಎನ್ನುವಾಗ ಅವರ ದನಿಯಲ್ಲಿ ಗರ್ವವಿರುತ್ತಿರಲಿಲ್ಲ, ನಿಜವಾದ ಅಂಜಿಕೆಯಿರುತ್ತಿತ್ತು. ತಪ್ಪಾದರೆ ಅದರಲ್ಲಿ ಮುಳುಗುವವರು ಪರರ ಮಕ್ಕಳು ಎಂಬ ಅರಿವಿನಿಂದ ಹುಟ್ಟಿದ ಅಂಜಿಕೆ ಅದು.

ಆ ನಕ್ಷೆಗಳಲ್ಲೊಂದರಲ್ಲಿ, ಪಂಪ್ ರೂಮಿನ ಬಲಗೋಡೆಯಲ್ಲಿ ಒಂದು ಕಿಂಡಿ ಇತ್ತು. ಕಿಂಡಿಯ ಮೇಲೆ ಅದನ್ನು ಪೂರ್ತಿ ಮುಚ್ಚುವ ಒಂದು ತಗಡು, ಸುತ್ತಲೂ ಹಿತ್ತಾಳೆಯ ಬೋಲ್ಟುಗಳು. ಅದರೊಳಗಿಂದ ಹಾಯುವ ಕೊಳವೆಯಿಲ್ಲ, ತಂತಿಯಿಲ್ಲ, ಗಾಳಿಯೂ ಇಲ್ಲ.

ಆ ಹಾಳೆಯನ್ನು ಬಿಡಿಸುವ ಕೆಲಸ ಬಂದದ್ದು ಅವರ ಅಣ್ಣನ ಮಗಳಿಗೆ. ತಂದೆಯಿಲ್ಲದ ಆ ಹುಡುಗಿಗೆ ಪೆನ್ಸಿಲ್ ಚೂಪು ಮಾಡುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿ, ನಕ್ಷೆಕೋಣೆಗೆ ತಂದು ಕೂರಿಸಿದವರು ಅವರೇ. ಮನೆಯಲ್ಲಿ ‘ಚಿಕ್ಕಪ್ಪ’, ಕೆಲಸದಲ್ಲಿ ‘ಸರ್’ ಎಂದು ಅವಳೇ ಒಂದು ಕಟ್ಟಳೆ ಮಾಡಿಕೊಂಡಿದ್ದಳು. ಮರೆತು ಒಮ್ಮೊಮ್ಮೆ ಕೋಣೆಯಲ್ಲೇ ‘ಚಿಕ್ಕಪ್ಪ’ ಎಂದುಬಿಟ್ಟರೆ, ಅವರು ಗದರುವಂತೆ ಮುಖ ಮಾಡಿ ಒಳಗೊಳಗೇ ಖುಷಿಪಡುತ್ತಿದ್ದರು.

“ಸರ್, ಮುಚ್ಚೋದಕ್ಕೇ ಆದ್ರೆ ಈ ಕಿಂಡಿ ಕೊರೆಯೋದ್ಯಾಕೆ?” ಎಂದು ಅವಳು ಎದ್ದು ನಿಂತು ಕೇಳಿದಳು.

“ಮೂಲದಲ್ಲಿದೆ.”

“ಇದೆ, ಆದ್ರೆ ಯಾಕೆ ಅಂತ ಅವರನ್ನೇ ಒಂದು ಮಾತು ಕೇಳಬಹುದಲ್ವಾ?”

ಸುಲಭದ ಮಾತು. ಆದರೆ ಕೇಳಿದರೆ ನಮಗೆ ತಿಳಿಯಲಿಲ್ಲ ಎಂದು ಒಪ್ಪಿದಂತಾಗುತ್ತದಲ್ಲ! ತನಗೆ ಕೋಟು ಹೊದಿಸಿದ ಕೈಗಳ ಮುಂದೆ ದಡ್ಡನಾಗಿ ನಿಲ್ಲುವುದು ಅವರಿಂದಾಗದ ಕೆಲಸ. “ಅವರು ತಲೆತಲಾಂತರದಿಂದ ಹಡಗು ಕಟ್ಟಿದವರು. ನೀನು ಸ್ನಾನದ ತೊಟ್ಟಿಯನ್ನಾದರೂ ಕಟ್ಟಿದ್ದೀಯೇನಮ್ಮ?” ಎಂದರು. ಕೋಣೆಗೆ ಕೋಣೆಯೇ ನಕ್ಕಿತು. ಹುಡುಗಿ ಕುಳಿತು, ಗೆರೆಗೆ ಗೆರೆ ಕೂಡಿಸಿ, ಹಾಳೆಯ ಮೂಲೆಯಲ್ಲಿ ಬಿಡಿಸಿದವರ ಜಾಗದಲ್ಲಿ ತನ್ನ ಸಹಿ ಹಾಕಿದಳು. ಕೆಳಗೆ ಕಟ್ಟೆಯಲ್ಲಿ ಕೆಲಸಗಾರರು ಹೊಸ ಉಕ್ಕಿನ ಗೋಡೆಗೆ ಕಷ್ಟಪಟ್ಟು ಕಿಂಡಿ ಕೊರೆದರು, ಆಮೇಲೆ ಅಷ್ಟೇ ಕಷ್ಟಪಟ್ಟು ಅದನ್ನು ಮುಚ್ಚಿದರು. ಮೊದಲ ಹಡಗು ಹಾಗೆ ಕಡಲಿಗಿಳಿಯಿತು, ಎರಡನೆಯದೂ ಇಳಿಯಿತು. ನಾವಿಕರು ಆ ಹಿತ್ತಾಳೆಯ ಬೋಲ್ಟುಗಳನ್ನು ದಿನವೂ ಉಜ್ಜಿ ಫಳಫಳ ಹೊಳೆಯಿಸುತ್ತಾರೆಂದು ಕೇಳಿ ಮೂಲಪುರುಷರಿಗೆ ಹೆಮ್ಮೆಯಾಗಿತ್ತು.

ಮೂರನೆಯ ಹಡಗು ಸಿದ್ಧವಾದಾಗ, ಮೂಲ ಹಡಗನ್ನು ಕಟ್ಟಿಸಿದ ವೃದ್ಧ ಎಂಜಿನಿಯರರೇ ಅತಿಥಿಯಾಗಿ ಬಂದರು. ನೌಕಾಪಡೆಯ ಹಿರಿಯ ಅಧಿಕಾರಿ ಮುಂದೆ, ದುಭಾಷಿ ಪಕ್ಕದಲ್ಲಿ, ಉಣ್ಣೆಯ ಕೋಟಿನ ನಮ್ಮ ಮೂಲಪುರುಷರು ಹಿಂದೆ, ಅವರ ಹಿಂದೆ ನಕ್ಷೆಯ ಸುರುಳಿಗಳನ್ನು ಹೊತ್ತ ಅಣ್ಣನ ಮಗಳು. ಪಂಪ್ ರೂಮಿನಲ್ಲಿ ವೃದ್ಧರು ಗಕ್ಕನೆ ನಿಂತರು. ತಗಡನ್ನು ಬೆರಳಿನಿಂದ ತಟ್ಟಿದರು. ಆಮೇಲೆ ಗೋಡೆಗೆ ಕೈಯೂರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ದುಭಾಷಿ ಮುಜುಗರಪಡುತ್ತ ಹೇಳಿದ: “ಅವರ ಮೊದಲನೇ ಹಡಗಿನಲ್ಲಿ ಯಾರೋ ಕೆಲಸದವನು ಎಡಗೋಡೆಗೆ ಕೊರೀಬೇಕಾದ ಕಿಂಡೀನ ಬಲಗೋಡೆಗೆ ಕೊರೆದುಬಿಟ್ಟಿದ್ದನಂತೆ. ನಾಚಿಕೆಯಾಗಿ ತಗಡು ಹಾಕಿ ಮುಚ್ಚಿದ್ರಂತೆ. ಇಲ್ಲಿಗೆ ಕೊಟ್ಟ ನಕ್ಷೆಗಳನ್ನ ಬರೆದದ್ದು ಆ ಹಡಗನ್ನ ನೋಡಿಕೊಂಡೇ ಅಂತೆ. ಕೇಳ್ತಿದ್ದಾರೆ... ನೀವೂ ಪ್ರತಿ ಸಲ ಕೊರೆದು ಮುಚ್ಚಿದ್ರಾ ಅಂತ.”

ಹಿರಿಯ ಅಧಿಕಾರಿಯ ಮುಖ ಕೆಂಪಾಯಿತು. “ಯಾರ ಕೆಲಸ ಇದು?”

ಆ ಗಳಿಗೆಯಲ್ಲಿ ಅವರ ಕೋಟಿನ ತೋಳಿನ ಮಡಿಕೆ ಬಿಚ್ಚಿಕೊಂಡು ಕೈಯನ್ನು ಮುಚ್ಚಿತ್ತು. ಆ ಮುಚ್ಚಿದ ಕೈಯನ್ನೇ ಹಿಂದಕ್ಕೆ ತೋರಿಸಿ ಅವರೆಂದರು: “ಆ ಹಾಳೆ ಬಿಡಿಸಿದ್ದು ಈ ಹುಡುಗಿ, ಸರ್. ಆಗ ಹೊಸಬಳು.”

ಒಂದಕ್ಷರವೂ ಸುಳ್ಳಲ್ಲ. ಆದರೂ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸುಳ್ಳನ್ನು ಅವರು ಆಡಿರಲಿಲ್ಲ. ಅವಳು ಅವರ ಮುಖವನ್ನು ನೋಡಿದಳು. ಚಿಕ್ಕಪ್ಪ ಇನ್ನೇನಾದರೂ ಹೇಳುತ್ತಾರೆಂದು ಕಾದಂತಿತ್ತು. ಬಳಿಕ ಮೆಲ್ಲಗೆ, “ಹೌದು ಸರ್, ಬಿಡಿಸಿದ್ದು ನಾನೇ,” ಎಂದಳು.

ಅವಳನ್ನು ಉಗ್ರಾಣಕ್ಕೆ ಹಾಕಿದರು, ನಟ್ಟು ಬೋಲ್ಟುಗಳನ್ನು ಬೇರ್ಪಡಿಸುವುದಕ್ಕೆ. ಒಂದು ಮಾತಿನಿಂದ ಅದನ್ನು ತಡೆಯಬಹುದಿತ್ತು. ಬಿಸಿ ಆರಲಿ, ಆಮೇಲೆ ಹೇಳೋಣವೆಂದು ಅವರು ದಿನ ದೂಡಿದರು. ದಿನ ದೂಡಿದಷ್ಟೂ ಹೇಳುವುದು ಕಷ್ಟವಾಗುತ್ತ ಹೋಯಿತು. ಉಗ್ರಾಣದ ಬಾಗಿಲು ಎದುರಾಗದಿರಲೆಂದು ಸುತ್ತು ದಾರಿಯಲ್ಲಿ ಓಡಾಡಿದರು. ಮನೆಯಲ್ಲಿ ಹೆಂಡತಿ, “ಆ ಮಗು ನಿಮಗೇನ್ರೀ ಮಾಡಿತ್ತು?” ಎಂದಾಗ, ಅಭ್ಯಾಸದಿಂದ ನಾಲಿಗೆಯ ತುದಿಗೆ “ಮೂಲದಲ್ಲಿ...” ಎಂದು ಬಂತು. ಅಲ್ಲಿಗೇ ನಿಂತಿತು. ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದರು. ಅಂಥ ನಾಚಿಕೆಗೆ ಒಂಟಿಯಾಗಿದ್ದರೂ ಬಿಡುವಿಲ್ಲ. ಕನ್ನಡಿಯ ಮುಂದೆ ಗಡ್ಡ ಹೆರೆಯುವಾಗಲೂ ಅವರು ತಮ್ಮ ಕಣ್ಣನ್ನು ತಪ್ಪಿಸುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆಯೇ. ಅವಳು ತಾಯಿಯ ಜೊತೆ ಮನೆಗೆ ಬರುವುದನ್ನು ಬಿಡಲಿಲ್ಲ, ಮುಖ ಗಂಟಿಕ್ಕಲಿಲ್ಲ, ಚಿಕ್ಕಮ್ಮನ ಜೊತೆ ಮೊದಲಿನಂತೆಯೇ ನಕ್ಕಳು. ಆದರೆ ಕಾಫಿಯ ಲೋಟ ಚಾಚುತ್ತ, “ತಗೊಳ್ಳಿ ಸರ್,” ಎಂದಳು. ಅಂದಿನಿಂದ ಮನೆಯಲ್ಲೂ ‘ಸರ್’ ಆಯಿತು.

ನಾಲ್ಕನೆಯ ಹಡಗಿನ ಸಭೆಯಲ್ಲಿ ಅಧಿಕಾರಿ, “ಆ ತಗಡು ಈ ಸಲ ಬೇಡ,” ಎಂದು ಮುಂದಿನ ವಿಷಯಕ್ಕೆ ಹೋಗುವಷ್ಟರಲ್ಲಿ ಮೂಲಪುರುಷರು ಎದ್ದು ನಿಂತರು. ಬೆವರು ಕೋಟಿನ ಕಾಲರಿಗೆ ಇಳಿಯುತ್ತಿತ್ತು. “ಸರ್, ಆ ಹುಡುಗಿ ಮೊದಲನೇ ಹಡಗಿನಲ್ಲೇ ಕೇಳಿದ್ದಳು. ನಗಾಡಿ ಬಾಯಿ ಮುಚ್ಚಿಸಿದ್ದು ನಾನು. ತಪ್ಪು ನನ್ನದು.”

“ಅಯ್ಯೋ, ಆ ತಮಾಷೆ ವಿಷಯನಾ? ಅದನ್ನ ಯಾರು ಇನ್ನೂ ನೆನಪಿಟ್ಕೊಂಡಿದ್ದಾರೆ? ಅವಳನ್ನ ವಾಪಸ್ ಕರೆಸ್ಕೊಳ್ಳಿ, ಕೂತ್ಕೊಳ್ಳಿ,” ಎಂದರು ಅಧಿಕಾರಿ. ಶಿಕ್ಷೆಗೆ ಮೈಯೊಡ್ಡಿ ನಿಂತವರಿಗೆ ಸಿಕ್ಕಿದ್ದು ಇಷ್ಟೇ. ಅಷ್ಟು ಅಗ್ಗದಲ್ಲಿ ಮುಗಿಯುವ ಮಾತನ್ನು ಅಷ್ಟು ದಿನ ಬಚ್ಚಿಟ್ಟುಕೊಂಡೆನಲ್ಲ ಎಂದು ಅವರು ಇನ್ನಷ್ಟು ಕುಗ್ಗಿದರು.

ಅವಳು ನಕ್ಷೆಕೋಣೆಗೆ ಮರಳಿದಳು. ಬಲಗೋಡೆಯನ್ನು ಬೋಳಾಗಿ, ಚೊಕ್ಕವಾಗಿ ಬಿಡಿಸಿದಳು. ಅದೇ ವಾರ ಅವರು ಯಾರಿಗೂ ಹೇಳದೆ ದರ್ಜಿಯ ಅಂಗಡಿಗೆ ಹೋಗಿ ಕೋಟಿನ ತೋಳು ಕತ್ತರಿಸಿಕೊಂಡು ಬಂದರು. ರಜೆಯ ದಿನ ತಾಯಿ ಮಗಳು ಮನೆಗೆ ಬಂದಾಗ ಅದನ್ನೇ ತೊಟ್ಟು ಹೊರಗೆ ಬಂದು, ಕೆಲಸವಿಲ್ಲದೆ ಅವಳ ಮುಂದೆ ಸುಳಿದಾಡಿದರು. ಅವಳಿಗೆ ಕಂಡಿತು. ಹತ್ತಿರ ಬಂದು, ತೋಳಿನ ಅಂಚನ್ನು ಬೆರಳಲ್ಲಿ ಹಿಡಿದು, ಹೊಲಿಗೆಯನ್ನು ಪರೀಕ್ಷಿಸಿದಳು. ಅವರು ಇನ್ನೊಂದು ತೋಳನ್ನೂ ಮುಂದೆ ಚಾಚಿದರು.

“ಚೆನ್ನಾಗಿ ಕೂತಿದೆ,” ಎಂದಳು. ಅದರಲ್ಲಿ ಕೋಪವಿರಲಿಲ್ಲ. “ಮೊದಲೇ ಮಾಡಿಸಬೇಕಿತ್ತು, ಸರ್.”

ಪರರ ಮಾದರಿಯನ್ನು ತಂದು ತಮ್ಮ ನೆಲದಲ್ಲಿ ಎಬ್ಬಿಸುವ ಈ ಬಗೆಯ ಜನ ಹೇಡಿಗಳಲ್ಲ. ಗುರುತಿಲ್ಲದ ಕೈಗಳು ಎಳೆದ ಗೆರೆಗಳನ್ನು ನಂಬಿ ಒಂದಿಡೀ ಹಡಗನ್ನು ನೀರಿಗೆ ತಳ್ಳುವ ಎದೆಗಾರಿಕೆ ಅವರದು, ಮತ್ತು ಅಂಥವರಿಲ್ಲದಿದ್ದರೆ ಎಷ್ಟೋ ಕಡಲುಗಳಿಗೆ ಕಾವಲೇ ಇರುತ್ತಿರಲಿಲ್ಲ. ಆದರೆ ಗೆರೆಯನ್ನು ಕಾಯುತ್ತ ಕಾಯುತ್ತ, ಪಕ್ಕದಲ್ಲಿ ನಿಂತ ಜೀವವನ್ನು ಕಾಯುವುದು ಅವರಿಗೆ ಮರೆತುಹೋಗುತ್ತದೆ. ನೆನಪಾಗಿ ತಿದ್ದಿಕೊಳ್ಳಲು ಹೊರಟಾಗ, ತಿದ್ದಲು ಕೈಗೆ ಸಿಗುವುದು ಮುಂದಿನ ಹಡಗು ಮಾತ್ರ. ಹಿಂದಿನವು ಆಗಲೇ ಕಡಲಿನಲ್ಲಿರುತ್ತವೆ. ಅಲ್ಲಿ ಯಾವನೋ ನಾವಿಕ, ಒಳಗೇನಿದೆಯೆಂದು ಅರಿಯದೆ, ಇಂದು ಬೆಳಿಗ್ಗೆಯೂ ಆ ಬೋಲ್ಟುಗಳನ್ನು ಶ್ರದ್ಧೆಯಿಂದ ಉಜ್ಜಿ ಹೊಳೆಯಿಸಿರುತ್ತಾನೆ.