ಕೆಮ್ಮಿನ ವಾರ್ಡಿನ ಚಿಲಕ

"ಏಯ್ ಮುಂಡೇದೆ, ಆ ಮೂಲೇಲಿ ಕಫ ಬಿದ್ದಿದೆ, ಕಣ್ಣು ಕಾಣ್ಸಲ್ವಾ? ಮಲಗಿ ಮಲಗಿ ಮೈ ಬೆಳೆಸ್ತಿದೀಯ."

ಗಾಜಿನ ಬಾಗಿಲಿನ ಆಚೆ ನಿಂತು ಗುಡಿಸುವವರ ಮೇಸ್ತ್ರಿ ಕೂಗಿದ. ಒಳಗೆ ಕಾಲಿಡುವ ಧೈರ್ಯ ಆ ಬೋಳಿಮಗನಿಗೆ ಇರಲಿಲ್ಲ. ನಾನು ಮಂಚದಿಂದ ಇಳಿದು ಒರೆಸಿದೆ.

ಕೆಮ್ಮಿನ ವಾರ್ಡಿನಲ್ಲಿ ನಾನು ರೋಗಿಯೂ ಹೌದು, ಕಸ ಗುಡಿಸುವವಳೂ ಹೌದು. ಇಲ್ಲೇ ಗುಡಿಸುತ್ತ ಸೋಂಕು ಹತ್ತಿಸಿಕೊಂಡವಳು. ಗುಡಿಸುವವರಿಗೆಲ್ಲ ಸೇರಿ ಒಂದೇ ಮಾಸ್ಕು. ಬೆಳಗಿನವಳು ಬಿಚ್ಚಿದ್ದನ್ನು ಮಧ್ಯಾಹ್ನದವಳು ಕಟ್ಟಿಕೊಳ್ಳಬೇಕು. ಜ್ವರ ಬಂದಾಗ ಒಂದು ಮಂಚ ತೋರಿಸಿ ಹೊರಗಿನಿಂದ ಚಿಲಕ ಹಾಕಿದರು. ಜ್ವರ ಇಳಿದ ಮಾರನೆಯ ದಿನವೇ ಬಾಗಿಲ ಸಂದಿಯಿಂದ ಪೊರಕೆ ಒಳಗೆ ಬಂತು. ಹೇಗೂ ಒಳಗೇ ಇದ್ದೀಯಲ್ಲ ಎಂದರು.

ನನ್ನ ಜೊತೆಗೇ ಸೇರಿದ್ದ ಗಡಿಯಾರದಂಗಡಿಯ ಸಾಹುಕಾರ ಡಾಕ್ಟರನ್ನು ಎರಡು ಸಲ ಗದರಿ ಮನೆಗೆ ಹೋದ, ಗೊರಗೊರ ಕೆಮ್ಮುತ್ತಲೇ. ನನ್ನ ಕೆಮ್ಮು ನಿಂತು ಎಷ್ಟೋ ದಿನವಾಗಿತ್ತು. ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲವೆಂದು ನರ್ಸಮ್ಮನೇ ಪಿಸುಗುಟ್ಟಿದ್ದಳು. ಆದರೂ ನಾನು ಕೇಳಿದಾಗಲೆಲ್ಲ ದೊಡ್ಡ ಡಾಕ್ಟರು ಇನ್ನೊಂದು ವಾರ ಎನ್ನುತ್ತಿದ್ದರು. ಈ ವಾರ್ಡಿಗೆ ಪೊರಕೆ ಹಿಡಿದು ಬರಲು ಬೇರೆ ಯಾರೂ ಒಪ್ಪುತ್ತಿರಲಿಲ್ಲ.

ಮನೆಯಲ್ಲಿ ಹಾಲು ಕುಡಿಯುವ ಕೂಸು. ಸಂಜೆ ಅತ್ತೆ ಅದನ್ನು ಎತ್ತಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಿದ್ದಳು, ನಾನು ಕಿಟಕಿಯಿಂದ ನೋಡುತ್ತಿದ್ದೆ. ಮೊದಮೊದಲು ಎದೆ ಕಲ್ಲಾಗಿ ಬಚ್ಚಲಲ್ಲಿ ಹಿಂಡಿ ಚೆಲ್ಲುತ್ತಿದ್ದೆ. ಈಚೆಗೆ ಎಷ್ಟು ಹಿಂಡಿದರೂ ನಾಲ್ಕು ಹನಿ. ಇನ್ನೊಂದು ವಾರವೆಂದರೆ ಅದೂ ಬತ್ತಿಹೋಗುತ್ತದೆ.

ಆ ಸಂಜೆ ದೊಡ್ಡ ಡಾಕ್ಟರ ಕೋಣೆಯಲ್ಲಿ ಚಹಾ ಚೆಲ್ಲಿತು. ಬೇರೆ ಆಳು ಸಿಗದೆ ಮೇಸ್ತ್ರಿ ಚಿಲಕ ತೆಗೆದು ನನ್ನನ್ನೇ ಕಳಿಸಿದ. ನಾನು ಬಗ್ಗಿ ಒರೆಸುವಾಗ ಡಾಕ್ಟರು ಕಾಲು ಎತ್ತಿಕೊಂಡರು, ಅಷ್ಟೇ. ಮೂಗು ಬಾಯಿ ಮುಚ್ಚಿಕೊಳ್ಳಲಿಲ್ಲ. ಆರಾಮಾಗಿ ಬಿಸ್ಕತ್ತು ತಿನ್ನುತ್ತಿದ್ದರು.

"ಸಾರ್, ನಂಗೆ ರೋಗ ಇದ್ದಿದ್ರೆ ನೀವು ಹೀಗೆ ಕೂತಿರ್ತಿದ್ರಾ?"

ಅವರು ನಕ್ಕರು. ಮಂಚದ ಕೆಳಗೂ ಗುಡಿಸಬೇಕಂತೆ, ಸಾಹುಕಾರರ ಕಡೆಯವರು ಹೋಗುವಾಗ ದೂರು ಹೇಳಿದ್ದರಂತೆ.

ಒರೆಸುವ ಬಟ್ಟೆ ಅಲ್ಲೇ ಬಿಸಾಕಿ, ಜನ ಕೂತಿದ್ದ ಹಜಾರಕ್ಕೆ ಬಂದು ನಡುವೆ ನಿಂತೆ. ಡಾಕ್ಟರು ಹಿಂದೆಯೇ ಓಡಿಬಂದರು.

"ಎಲ್ರ ಮುಂದೆ ಹೇಳಿ. ನಂಗೆ ರೋಗ ಇದ್ಯಾ, ಇಲ್ವಾ?"

ಇಲ್ಲವೆಂದರೆ ನನ್ನನ್ನು ಮನೆಗೆ ಬಿಡಬೇಕಿತ್ತು. ಅವರು ಜೇಬಿನಿಂದ ಮಾಸ್ಕು ತೆಗೆದು ಕಟ್ಟಿಕೊಂಡರು.

"ಇದೆ. ಯಾರೂ ಹತ್ರ ಹೋಗ್ಬೇಡಿ."

ಜನ ಗೋಡೆಗೆ ಅಂಟಿಕೊಂಡರು, ಕೆಲವರು ಚೀರುತ್ತ ಹೊರಗೆ ಓಡಿದರು. ಹಿಡಿದುಕೊಳ್ಳಿ ಎಂದು ಮೇಸ್ತ್ರಿ ಕಾವಲಿನವರಿಗೆ ಬೈದ. ಅವರು ಅವನ ಬೆನ್ನ ಹಿಂದೆ ಸರಿದರು. ನಾನು ಬೇಕೆಂದೇ ಗಂಟಲು ಕಿತ್ತುಬರುವಂತೆ ಕೆಮ್ಮಿದೆ.

"ಬನ್ರೋ ಗಂಡಸ್ರಾ, ಮುಟ್ರೋ ನೋಡೋಣ."

ಒಬ್ಬನೂ ಮುಟ್ಟಲಿಲ್ಲ. ನಮ್ಮಂಥವರು ಯಾವತ್ತೂ ದಾಟದ ಮುಂಬಾಗಿಲಿನಿಂದಲೇ ಹೊರಗೆ ಬಂದೆ. ಎಷ್ಟು ಸುಖವಾಯಿತೆಂದರೆ ನಗು ಬಂತು.

ಗೇಟಿನ ಬಳಿ ಅತ್ತೆ ನಿಂತಿದ್ದಳು. ಓಡಿಬಂದವರ ಕೂಗು ಅವಳ ಕಿವಿಗೂ ಬಿದ್ದಿತ್ತು. ಕೂಸು ನನ್ನನ್ನು ಕಂಡು ಎರಡೂ ಕೈ ಚಾಚಿತು. ಅತ್ತೆ ಅದರ ಮುಖವನ್ನು ತನ್ನ ಹೆಗಲಿಗೆ ಒತ್ತಿಕೊಂಡು ಹಿಂದೆ ಹಿಂದೆ ಸರಿದಳು.

"ಹತ್ರ ಬರ್ಬೇಡ ಕಣೇ, ನಿನ್ ಕಾಲಿಗೆ ಬೀಳ್ತೀನಿ."

ನಿಜ ಹೇಳಲು ಬಾಯಿ ತೆರೆದೆ. ಬಾಯಿ ತೆರೆದದ್ದು ನೋಡಿಯೇ ಅವಳು ಕೂಸನ್ನು ಅವುಚಿಕೊಂಡು ಓಡತೊಡಗಿದಳು.